30 ತಿಂಗಳ ಕುರ್ಚಿ, 47 ವರ್ಷದ ಕುರ್ಚಿ

ಬೀದರ್ ನಗರದ ಅಂಚಿನ ಕೊಳಾರದಲ್ಲಿ ಬೆಳಿಗ್ಗೆ ಬಸ್ಸಿಗೆ ನಿಂತರೆ ಕೈಗಾರಿಕಾ ಪ್ರದೇಶದ ಪಾಳಿಗೆ ಹೊರಟವರ ಮಾತು ಕಿವಿಗೆ ಬೀಳುತ್ತದೆ. ನಾವು ಅಲ್ಲಿ ನಿಂತಿದ್ದ ದಿನ ಮಾತು ಲೋಕಸಭೆ ಚುನಾವಣೆಯ ಕಡೆ ಹೊರಳಿತ್ತು. ಯಾರಿಗೆ ಮತ್ತೆ ಟಿಕೆಟ್, ಯಾರಿಗೆ ಇಲ್ಲ ಎಂಬ ಲೆಕ್ಕಾಚಾರ. ಹತ್ತಿರದ ಹಳ್ಳಿಯ ಒಬ್ಬ ಮಹಿಳೆ ಸುಮ್ಮನೆ ಕೇಳುತ್ತಿದ್ದರು. ಹಿಂದೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದವರು, ಈಗ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾರೆ. ಕೊನೆಗೆ ಅವರು ಹೇಳಿದ್ದು ಇಷ್ಟು: "ಫೈಲ್ ಓದೋದು ಕಲಿಯೋದ್ರೊಳಗ ನಮ್ದು ಎರಡೂವರಿ ವರ್ಷ ಮುಗೀತು ನೋಡ್ರಿ. ದೊಡ್ಡೋರಿಗಿ ಇಂಥ ಲೆಕ್ಕ ಇಲ್ಲೇನ್ರಿ?"

ಆ ಪ್ರಶ್ನೆ ನಮ್ಮ ಜೊತೆಗೇ ಬಸ್ಸು ಹತ್ತಿತು. ಉತ್ತರ ಹುಡುಕಲು ನಾವು ನಮ್ಮದೇ ಕ್ಷೇತ್ರದ ಇತಿಹಾಸ ತೆಗೆದು ನೋಡಿದೆವು.

ಕಾನೂನಿನ ಉತ್ತರ ಚಿಕ್ಕದು. ದೊಡ್ಡವರಿಗೆ ಅಂಥ ಲೆಕ್ಕ ಇಲ್ಲ. ಲೋಕಸಭೆಗೆ ನಿಲ್ಲಲು ಕನಿಷ್ಠ 25 ವರ್ಷವಾಗಿರಬೇಕು ಎನ್ನುತ್ತದೆ ಸಂವಿಧಾನ. ಗರಿಷ್ಠ ವಯಸ್ಸು ಎಷ್ಟು, ಎಷ್ಟು ಸಲ ಗೆಲ್ಲಬಹುದು ಎಂಬುದಕ್ಕೆ ಮಿತಿ ಹಾಕಿಲ್ಲ. ಜನ ಆರಿಸುವವರೆಗೆ ಇರಬಹುದು.

ಬೀದರಿನಲ್ಲಿ ಇದ್ದರು ಕೂಡ. 1962ರಿಂದ 2009ರವರೆಗೆ 12 ಸಾರ್ವತ್ರಿಕ ಚುನಾವಣೆ, ಒಂದು ಉಪಚುನಾವಣೆ ನಡೆದವು. ಈ 47 ವರ್ಷಗಳಲ್ಲಿ ಬೀದರಿನಿಂದ ಲೋಕಸಭೆಗೆ ಹೋದವರು ಮೂವರೇ: ರಾಮಚಂದ್ರ ವೀರಪ್ಪ, ಶಂಕರದೇವ, ನರಸಿಂಗರಾವ್ ಸೂರ್ಯವಂಶಿ. ರಾಮಚಂದ್ರ ವೀರಪ್ಪನವರು 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 1971, 1977 ಶಂಕರದೇವರದು. 1980, 1984, 1989 ಸೂರ್ಯವಂಶಿಯವರದು. 1991ರಲ್ಲಿ ರಾಮಚಂದ್ರ ವೀರಪ್ಪ ಮತ್ತೆ ಬಂದರು, ಈ ಸಲ ಬಿಜೆಪಿಯಿಂದ. 1996, 1998, 1999, 2004ರಲ್ಲೂ ಅವರೇ. ಒಟ್ಟು ಏಳು ಗೆಲುವು.

2004ರ ಮೇ ತಿಂಗಳಲ್ಲಿ ಕೊನೆಯ ಸಲ ಗೆದ್ದಾಗ ಅವರು ಆ ಲೋಕಸಭೆಯಲ್ಲೇ ಅತ್ಯಂತ ಹಿರಿಯರು. ಎರಡೇ ತಿಂಗಳಲ್ಲಿ, ಜುಲೈನಲ್ಲಿ, ತೀರಿಕೊಂಡರು. ಆಗ ವಯಸ್ಸು ಸುಮಾರು 96. ಉಪಚುನಾವಣೆಯಲ್ಲಿ ಗೆದ್ದದ್ದು ಹೊಸಬರಲ್ಲ, ಹಳೆಯ ಸೂರ್ಯವಂಶಿಯವರೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಗ ಬೀದರ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಊರ ಕಟ್ಟೆಯ ಮೇಲೂ ಸಮನಾಗಿ ಕೂರಲು ಬಿಡದ ಕಾಲದಲ್ಲಿ ಒಬ್ಬ ದಲಿತ ನಾಯಕ ಏಳು ಸಲ ಗೆದ್ದದ್ದನ್ನು ಬರೀ 'ಕುರ್ಚಿಗೆ ಅಂಟಿಕೊಂಡರು' ಎಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಆ ಮೂವರ ಹಿಂದೆ ಬೆಳೆಯಬೇಕಿದ್ದ ನಾಲ್ಕನೆಯವರು ಎಲ್ಲಿ ಹೋದರು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಆ ನಾಲ್ಕನೆಯವರು ಬರುವ ಮೊದಲೇ ಬಾಗಿಲಿನ ಬೋರ್ಡು ಬದಲಾಯಿತು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಮರುವಿಂಗಡಣೆ ಬೀದರ್ ಲೋಕಸಭಾ ಕ್ಷೇತ್ರವನ್ನು ಸಾಮಾನ್ಯ ಮಾಡಿತು, ಔರಾದ್ ವಿಧಾನಸಭಾ ಕ್ಷೇತ್ರವನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟಿತು. ಔರಾದನ್ನು ಹಲವು ಸಲ ಪ್ರತಿನಿಧಿಸಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರು ಮನೆಗೆ ಹೋಗಲಿಲ್ಲ. ಬೀದರ್ ವಿಧಾನಸಭಾ ಕ್ಷೇತ್ರಕ್ಕೆ ಬಂದು ಅದೇ ವರ್ಷ ಗೆದ್ದರು. ಔರಾದಿನಲ್ಲಿ ಗೆದ್ದ ಪ್ರಭು ಚವ್ಹಾಣ್ 2013, 2018, 2023ರಲ್ಲೂ ಗೆದ್ದರು. ಲೋಕಸಭೆಗೆ 2009ರಲ್ಲಿ ಬಂದವರು ಮಾಜಿ ಮುಖ್ಯಮಂತ್ರಿ ಧರಂಸಿಂಗ್. ಜೇವರ್ಗಿಯಲ್ಲಿ ಹಿಂದಿನ ವರ್ಷವಷ್ಟೇ ಸೋತಿದ್ದ ಹಿರಿಯರಿಗೆ ಬೀದರ್ ಆಸರೆಯಾಯಿತು. ದೊಡ್ಡವರಿಗೆ ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ತೆರೆದಿರುತ್ತದೆ.

ನಂತರ ಔರಾದ್ ಕಡೆಯ ಭಗವಂತ ಖೂಬಾ 2014 ಮತ್ತು 2019ರಲ್ಲಿ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು. 2024ರಲ್ಲಿ ಅವರನ್ನು ಸೋಲಿಸಿದವರು ಭಾಲ್ಕಿಯ ಸಾಗರ್ ಖಂಡ್ರೆ, ವಯಸ್ಸು 26. ದೇಶದ ಅತಿ ಹಿರಿಯ ಸಂಸದರನ್ನು ಕಳಿಸಿದ್ದ ಕ್ಷೇತ್ರ ಇಪ್ಪತ್ತು ವರ್ಷದ ನಂತರ ಅತಿ ಕಿರಿಯರಲ್ಲೊಬ್ಬರನ್ನು ಕಳಿಸಿತು. ಹೊಸ ತಲೆಮಾರು ಬಂತು ಎಂದು ಖುಷಿಪಟ್ಟವರಿದ್ದಾರೆ. ಆದರೆ ತಾತ ಭೀಮಣ್ಣ ಖಂಡ್ರೆ ಭಾಲ್ಕಿಯ ಶಾಸಕರಾಗಿದ್ದವರು, ತಂದೆ ಈಶ್ವರ ಖಂಡ್ರೆ 2008ರಿಂದ ಭಾಲ್ಕಿಯ ಶಾಸಕರು. ಮುಖ ಹೊಸದು, ಮನೆ ಹಳೆಯದು.

ಹಾಗಾದರೆ 'ಎರಡೇ ಅವಧಿ ಸಾಕು' ಎಂದು ಕಾಯ್ದೆ ಮಾಡಿದರೆ ಸರಿಹೋಗುತ್ತದೆಯೇ? ಫಿಲಿಪ್ಪೀನ್ಸಿನವರು ಇಂಥದ್ದೊಂದನ್ನು ಮಾಡಿ ನೋಡಿದ್ದಾರೆ. ಅಲ್ಲಿನ 1987ರ ಸಂವಿಧಾನದ ಪ್ರಕಾರ ಕೆಳಮನೆಯ ಸದಸ್ಯರು ಸತತ ಮೂರು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಆದದ್ದೇನು? ಗಂಡನ ಅವಧಿ ಮುಗಿದರೆ ಹೆಂಡತಿ, ಅಪ್ಪನದು ಮುಗಿದರೆ ಮಗ ನಿಲ್ಲುವುದು ಅಲ್ಲಿ ಮಾಮೂಲಿಯಾಯಿತು. ವ್ಯಕ್ತಿಗೆ ಮಿತಿ ಹಾಕಬಹುದು, ಮನೆತನಕ್ಕೆ ಹಾಕುವುದು ಕಷ್ಟ.

ಇನ್ನು ನಮ್ಮ ಅಧ್ಯಕ್ಷೆಯ ವಿಷಯಕ್ಕೆ ಬರೋಣ. ಅವರು ಗೆದ್ದದ್ದು 2020ರ ಡಿಸೆಂಬರಿನ ಚುನಾವಣೆಯಲ್ಲಿ. ಆಗ ರಾಜ್ಯದ ಉಳಿದ ಕಡೆ ಮತಪತ್ರ, ಬೀದರ್ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ ಬಳಸಿದ್ದರು. ಹೆಣ್ಣುಮಕ್ಕಳು ಆ ಕುರ್ಚಿಯವರೆಗೆ ಬರಲು ದಾರಿ ಮಾಡಿದ್ದು ಮೀಸಲಾತಿಯೇ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟಿತ್ತು. 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಪಾಲು ಎಂದಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಈ ಮೀಸಲಾತಿ ಆವರ್ತನದ ಮೇಲೆ ನಡೆಯುತ್ತದೆ. ಇವತ್ತು ನಿಮ್ಮ ವಾರ್ಡು, ನಾಳೆ ಪಕ್ಕದ ವಾರ್ಡು. ಎಲ್ಲರಿಗೂ ಸರದಿ ಸಿಗಲಿ ಎಂಬುದು ಉದ್ದೇಶ, ಅದು ನ್ಯಾಯವೇ. ಆದರೆ ಸರದಿ ಮುಗಿದವಳ ಪಾಲಿಗೆ ಅದೇ ಅವಧಿ ಮಿತಿ. ಸಾಮಾನ್ಯ ಸ್ಥಾನದಿಂದ ನಿಲ್ಲಲು ಕಾನೂನು ತಡೆಯುವುದಿಲ್ಲ. ಊರಿನ ಹಿರಿಯರು ತಡೆಯುತ್ತಾರೆ: "ನಿಂದು ಆಯ್ತಲ್ಲವ್ವ, ಇನ್ನ ಗಂಡಸ್ರು ನಿಲ್ಲಲಿ."

ಅಧ್ಯಕ್ಷರ ಅವಧಿಯ ಕಥೆ ಇನ್ನೂ ವಿಚಿತ್ರ. 2015ರ ತಿದ್ದುಪಡಿ ಅದನ್ನು ಐದು ವರ್ಷಕ್ಕೆ ಏರಿಸಿತು. 2020ರ ತಿದ್ದುಪಡಿ ಮತ್ತೆ 30 ತಿಂಗಳಿಗೆ ಇಳಿಸಿತು. ಏರಿಸಿದವರು, ಇಳಿಸಿದವರು ಇಬ್ಬರೂ ವಿಧಾನಸೌಧದಲ್ಲಿ ಕೂತವರು. ಅವರ ಕುರ್ಚಿಗೆ ಯಾವ ಮಿತಿಯೂ ಇರಲಿಲ್ಲ. ಹೋಗುವವರನ್ನು ಬೀಳ್ಕೊಡುವ ರೀತಿಯೂ ಬೇರೆ. ಸಂಸದರಾಗಿದ್ದವರಿಗೆ ಪಿಂಚಣಿ ಇದೆ. ಪಂಚಾಯಿತಿಯವರಿಗೆ ಬರುತ್ತಿದ್ದ ಅಲ್ಪ ಗೌರವಧನವೂ ಅವಧಿ ಮುಗಿದ ದಿನವೇ ನಿಲ್ಲುತ್ತದೆ. ಮರುದಿನ ಪಾಳಿಗೆ ಬಸ್ಸು ಹಿಡಿಯಬೇಕು.

2023ರಲ್ಲಿ ಸಂಸತ್ತು ಒಪ್ಪಿದ 106ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳಲ್ಲೂ ಮೂರನೇ ಒಂದು ಭಾಗ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡುತ್ತದೆ. ಅಲ್ಲಿಯೂ ಆವರ್ತನ ಉಂಟು. ಆದರೆ ಪಂಚಾಯಿತಿಯಂತೆ ಚುನಾವಣೆಯಿಂದ ಚುನಾವಣೆಗೆ ಅಲ್ಲ. ಪ್ರತಿ ಕ್ಷೇತ್ರ ಮರುವಿಂಗಡಣೆಯ ನಂತರ ಮಾತ್ರ. ಚಕ್ರ ಒಂದೇ, ಕೆಳಗೆ ಗಿರಗಿರನೆ ತಿರುಗುತ್ತದೆ, ಮೇಲೆ ನಿಧಾನ.

ಸಂಸದರಿಗೂ 30 ತಿಂಗಳು ಎನ್ನುವುದು ನಮ್ಮ ವಾದವಲ್ಲ. ಕೆಲಸ ಕಲಿಯಲು ಸಮಯ ಬೇಕು ಎಂಬ ಮಾತು ದೊಡ್ಡವರಿಗೆ ಅನ್ವಯವಾಗುವುದಾದರೆ ಹಳ್ಳಿಯ ಹೆಣ್ಣುಮಗಳಿಗೂ ಆಗಬೇಕು. ಹೊಸಬರಿಗೆ ಜಾಗ ಬಿಡಬೇಕು ಎಂಬ ಮಾತು ಅವಳಿಗೆ ಅನ್ವಯವಾಗುವುದಾದರೆ ದೊಡ್ಡವರಿಗೂ ಆಗಬೇಕು. ಮುಂದಿನ ಸಲ ಮತ ಕೇಳಲು ಕೊಳಾರಕ್ಕೆ ಯಾರೇ ಬರಲಿ, ನಾವು ಕೇಳಬೇಕೆಂದಿರುವುದು ಒಂದೇ: ಪಂಚಾಯಿತಿ ಅಧ್ಯಕ್ಷರ ಅವಧಿಯನ್ನು ಮತ್ತೆ ಐದು ವರ್ಷ ಮಾಡಲು ನಿಮ್ಮ ಪಕ್ಷ ಒಪ್ಪುತ್ತದೆಯೇ? ಉತ್ತರ ಸಿಕ್ಕಿದರೆ ಆ ಬಸ್ ನಿಲ್ದಾಣದಲ್ಲಿ ಅವರಿಗೆ ಮೊದಲು ತಿಳಿಸುತ್ತೇವೆ.