ಕಾಫಿಗೆ ಬೆರಕೆ, ಕ್ರೀಮಿಗೆ ಬೆಡಗು

ಬಿಟ್ಟಂಗಾಲದ ಕಡೆ ‘ಚಿಕೋರಿ’ ಅನ್ನೋದು ಹೆಚ್ಚುಕಮ್ಮಿ ಬೈಗುಳ. ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯ ಈ ನಮ್ಮೂರಿನ ಸುತ್ತ ಎಲ್ಲಿ ನೋಡಿದರೂ ಕಾಫಿ ತೋಟ. ಅಂಗಡಿ ಪುಡಿ ಮನೆಗೆ ಬಂದರೆ ಅಜ್ಜ ಗಾಜಿನ ಲೋಟಕ್ಕೆ ತಣ್ಣೀರು ತುಂಬಿ ಮೇಲೊಂದು ಚಿಟಿಕೆ ಉದುರಿಸೋರು. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯುತ್ತೆ. ಬೆಳೆದವರಿಗೆ ಈ ಸಿಟ್ಟು ಬರೀ ರುಚಿಯದಲ್ಲ: ಪೊಟ್ಟಣದಲ್ಲಿ ಬೇರು ಎಷ್ಟು ಹೆಚ್ಚೋ ಬೀಜ ಅಷ್ಟು ಕಮ್ಮಿ.

ಅದೇ ಬೇರು ಈಗ ಮುಖಕ್ಕೆ ಹಚ್ಚೋ ಡಬ್ಬಿಗೆ ಬಡ್ತಿ ಪಡೆದಿದೆ. ನಿಮ್ಮ ಶೆಲ್ಫಿನಲ್ಲಿ ‘ಪ್ರೀಬಯಾಟಿಕ್’ ಅಂತ ಬರೆದಿರೋ ಸೀರಮ್ ಇದ್ದರೆ ಹಿಂಬದಿಯ ಸಣ್ಣಕ್ಷರ ಓದಿ. ಇನ್ಯುಲಿನ್ ಸಿಕ್ಕರೂ ಸಿಗಬಹುದು. (ಇನ್ಸುಲಿನ್ ಅಲ್ಲ!) ಚಿಕೋರಿ ಗಿಡ ಬೇರಿನಲ್ಲಿ ಪಿಷ್ಟದ ಬದಲು ಕೂಡಿಡೋದು ಇದನ್ನೇ, ಫ್ರಕ್ಟೋಸ್ ಸಕ್ಕರೆಯನ್ನು ಸರದಂತೆ ಪೋಣಿಸಿದ ವಸ್ತು. 1804ರಲ್ಲಿ ಜರ್ಮನಿಯ ವ್ಯಾಲೆಂಟಿನ್ ರೋಸ್ ಇದನ್ನು ಮೊದಲು ಕಂಡದ್ದು ಮಾತ್ರ ಇನ್ಯುಲಾ ಹೆಲೀನಿಯಮ್ ಅನ್ನೋ ಗಿಡದ ಬೇರಿನಲ್ಲಿ. ಹೆಸರೂ ಅಲ್ಲಿಂದಲೇ.

ಆ ಹೊತ್ತಿಗೆ ಚಿಕೋರಿಗೆ ಯುರೋಪಿನಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಕಾಫಿಗಾಗಿ ದುಡ್ಡು ಹೊರದೇಶಕ್ಕೆ ಹೋಗ್ತಿದೆ ಅಂತ ಪ್ರಷ್ಯದ ದೊರೆ ಫ್ರೆಡರಿಕ್ 1777ರಲ್ಲಿ ಪ್ರಜೆಗಳಿಗೆ ಬಿಯರ್ ಕುಡಿಯಿರಿ ಅಂದ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ತಡೆ ಹಾಕಿದ ಮೇಲೆ ಕಾಫಿ ಸಿಗದೆ ಹುರಿದ ಚಿಕೋರಿ ಮನೆಮನೆ ಸೇರಿತು. ಫೌಲರ್ ಅನ್ನೋ ಇಂಗ್ಲಿಷಿನವನು 1854ರಲ್ಲಿ ಮಡಿಕೇರಿಯಲ್ಲಿ ತೋಟ ಹಾಕೋ ಮೊದಲೇ, ಲಂಡನ್ನಿನಲ್ಲಿ ಡಾಕ್ಟರ್ ಹ್ಯಾಸಲ್ ಅಂಗಡಿ ಕಾಫಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿಕೋರಿಯನ್ನು ಹಿಡಿದಿದ್ದರು. ಅಜ್ಜನ ಲೋಟಕ್ಕೆ ಒಳ್ಳೇ ವಂಶಾವಳಿಯೇ ಇದೆ ಅನ್ನಿ.

ಒಂದು ತಮಾಷೆ. ಹುರಿದಾಗ ಇನ್ಯುಲಿನ್ ಬಹುಪಾಲು ಒಡೆದು ಕಂದುಸಕ್ಕರೆಯಂತಾಗುತ್ತೆ. ಫಿಲ್ಟರ್ ಕಾಫಿಯ ಗಾಢ ಬಣ್ಣಕ್ಕೆ ಅದೂ ಕಾರಣ. ಆದ್ದರಿಂದ ಒಂದು ಲೋಟ ಹೀರಿ ‘ಪ್ರೀಬಯಾಟಿಕ್ ಆಯ್ತು’ ಅಂತ ಬೀಗಬೇಡಿ. ಕ್ರೀಮಿಗೆ ಹೋಗೋದು ಹುರಿಯದ ಬೇರಿನಿಂದ ಬಿಸಿನೀರಲ್ಲಿ ಇಳಿಸಿಕೊಂಡದ್ದು.

‘ಪ್ರೀಬಯಾಟಿಕ್’ ಪದವನ್ನು ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ 1995ರಲ್ಲಿ ತಂದದ್ದು ಕರುಳಿಗಾಗಿ: ನಮಗೆ ಜೀರ್ಣವಾಗದೆ, ಒಳಗಿನ ಒಳ್ಳೇ ಬ್ಯಾಕ್ಟೀರಿಯಾಕ್ಕೆ ಊಟವಾಗೋ ಪದಾರ್ಥ. 2017ರ ವಿಜ್ಞಾನಿಗಳ ಹೊಸ ವ್ಯಾಖ್ಯೆಯಲ್ಲಿ ಚರ್ಮಕ್ಕೂ ಜಾಗ ಸಿಕ್ಕಿತು. ಕರುಳಿನ ವಿಷಯದಲ್ಲಿ ಪುರಾವೆ ಗಟ್ಟಿ. ಚರ್ಮದ ವಿಷಯದಲ್ಲಿ ಇನ್ನೂ ತೆಳು. ಅರ್ಧ ನಿಮಿಷದಲ್ಲಿ ತೊಳೆದುಹಾಕೋ ಫೇಸ್‌ವಾಶ್‌ನಲ್ಲಂತೂ ಪಾಪ ಆ ಬ್ಯಾಕ್ಟೀರಿಯಾ ಊಟ ಮುಗಿಸೋದು ಯಾವಾಗ?

ಕಾಫಿಗೆ ಚಿಕೋರಿ ಬೆರೆಸಿದರೆ ನಮ್ಮ ಕಾನೂನು ಸುಮ್ಮನೆ ಬಿಡೋದಿಲ್ಲ. ನೂರಕ್ಕೆ 51 ಪಾಲಾದರೂ ಕಾಫಿ ಇರಬೇಕು, ಯಾವುದು ಎಷ್ಟು ಅಂತ ಪೊಟ್ಟಣದ ಮೇಲೆ ಅಚ್ಚಾಗಬೇಕು. ಕ್ರೀಮಿಗೆ ಪದಾರ್ಥಗಳ ಹೆಸರಿದ್ದರೆ ಸಾಕು, ಅಂಕಿ ಬೇಕಿಲ್ಲ. ಪಟ್ಟಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳಿಯುತ್ತೆ. ತುದಿಯಲ್ಲಿರೋ ಹೆಸರುಗಳು ನೂರಕ್ಕೆ ಒಂದು ಪಾಲೂ ಇರದೆ ಇರಬಹುದು. ಇನ್ಯುಲಿನ್ ಎಷ್ಟನೇ ಹೆಸರು ಅಂತ ನಾನು ಮೊದಲು ಎಣಿಸೋದು ಅದಕ್ಕೇ.