ಆದಿ, ಅಂತ್ಯ ಮತ್ತು ಒಂದು ಹೆಸರು

ಕಳೆದ ಮಳೆಗಾಲದ ಒಂದು ಸಂಜೆ ಬೆಳ್ತಂಗಡಿಯ ಮನೆಯಲ್ಲಿ ಕೂತು ಒಂಬತ್ತು ವಿಡಿಯೊ ಕಡತಗಳ ಹೆಸರು ಬದಲಿಸಲು ಹೊರಟೆ. ಕ್ಷೇತ್ರಕಾರ್ಯದಲ್ಲಿ ಒಂದೇ ದಿನ ಚಿತ್ರೀಕರಿಸಿದ್ದ ಪಾಡ್ದನಗಳವು. ನೇಜಿ ನೆಡುವ ಹೊತ್ತಿನಲ್ಲಿ ಹೇಳುತ್ತಿದ್ದ ಪಾಡ್ದನಗಳನ್ನು ನೆರೆಯ ಇಬ್ಬರು ಅಜ್ಜಿಯಂದಿರು ಜಗಲಿಯಲ್ಲಿ ಕೂತು ಹಾಡಿಕೊಟ್ಟಿದ್ದರು. ಕ್ಯಾಮೆರಾ ಇಟ್ಟಿದ್ದ ಹೆಸರುಗಳೋ ಬರೀ ಅಂಕಿಗಳು. ಕಮಾಂಡ್ ಲೈನಿನಲ್ಲಿ ಒಂದು ಸಾಲು ಬರೆದು, ಪ್ರತಿಯೊಂದಕ್ಕೂ ಊರಿನ ಹೆಸರು ಮತ್ತು ದಿನಾಂಕ ಕೊಡುವಂತೆ ಹೇಳಿದೆ. ಊರು ಒಂದೇ, ದಿನಾಂಕವೂ ಒಂದೇ. ಎರಡನೆಯ ಕಡತ ಮೊದಲನೆಯದರ ಹೆಸರನ್ನು ತೆಗೆದುಕೊಂಡಿತು, ಮೂರನೆಯದು ಎರಡನೆಯದರದ್ದನ್ನು. ಕೊನೆಗೆ ಉಳಿದದ್ದು ಒಂಬತ್ತನೆಯದು ಮಾತ್ರ. ಕ್ಯಾಮೆರಾದ ಕಾರ್ಡನ್ನು ಅಷ್ಟರಲ್ಲಿ ನಾನೇ ಅಳಿಸಿಯಾಗಿತ್ತು. ಹಾಡಿದ ಇಬ್ಬರಲ್ಲಿ ಒಬ್ಬರು ಈಗಿಲ್ಲ.

ತಪ್ಪು ನನ್ನದೇ. ಆದರೆ ಆ ತಪ್ಪಿಗೊಂದು ಚರಿತ್ರೆಯಿದೆ. ನಾನು ಬಳಸಿದ ‘ಎಂವಿ’ ಎಂಬ ಆಜ್ಞೆ 1971ರ ನವೆಂಬರಿನಲ್ಲಿ ಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಇದೆ. ಮೊದಲ ತುಳು ಚಲನಚಿತ್ರ ‘ಎನ್ನ ತಂಗಡಿ’ ತೆರೆಗೆ ಬಂದದ್ದೂ ಅದೇ 1971ರಲ್ಲಿ. ಯುನಿಕ್ಸ್ ವ್ಯವಸ್ಥೆಯಲ್ಲಿ ಕಡತದ ಹೆಸರು ಕಡತದ ಒಳಗಿರುವುದಿಲ್ಲ. ಒಳಗಿರುವುದು ದತ್ತಾಂಶ ಮಾತ್ರ, ಅದಕ್ಕೊಂದು ಸಂಖ್ಯೆ. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದು ಡೈರೆಕ್ಟರಿ ಎಂಬ ಬೇರೊಂದು ಪಟ್ಟಿಯಲ್ಲಿರುತ್ತದೆ. ಹೆಸರು ಬದಲಿಸುವುದೆಂದರೆ ಆ ಪಟ್ಟಿಯ ಒಂದು ಸಾಲನ್ನು ತಿದ್ದುವುದು. ಇದ್ದ ಹೆಸರನ್ನೇ ಇನ್ನೊಂದಕ್ಕೆ ಕೊಟ್ಟರೆ ಹಳೆಯ ಸಂಖ್ಯೆಗೆ ಪಟ್ಟಿಯಲ್ಲಿ ಜಾಗವಿಲ್ಲ. ಅದು ಅನಾಥವಾಗಿ ಅಳಿಯುತ್ತದೆ. ‘ಎನ್’ ಎಂಬ ಒಂದಕ್ಷರದ ಸೂಚನೆ ಸೇರಿಸಿದ್ದರೆ ಯಂತ್ರ ಹಾಗೆ ಮಾಡುತ್ತಿರಲಿಲ್ಲ. ‘ಎಂಎಂವಿ’ ಎಂಬ ಸಲಕರಣೆಯಂತೂ ಎರಡು ಕಡತಗಳಿಗೆ ಒಂದೇ ಹೆಸರು ಬೀಳುವಂತಿದ್ದರೆ ಕೆಲಸ ಶುರುವಾಗುವ ಮೊದಲೇ ಎಚ್ಚರಿಸುತ್ತದೆ.

ಹೆಸರು ಎಲ್ಲಿರಬೇಕು ಎಂಬ ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಬೆಳ್ತಂಗಡಿಯಿಂದ ಮೂಡುಬಿದಿರೆ ದೂರವೇನಲ್ಲ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದದ್ದು ‘ಷಟ್ಖಂಡಾಗಮ’ದ ಮೇಲೆ ವೀರಸೇನರು ಬರೆದ ‘ಧವಲಾ’ ಟೀಕೆಯ ತಾಳೆಗರಿಗಳು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಗನ್ನಡದ್ದು. ಇಲ್ಲಿಂದ ಹೊರಟ ಪಾಠವೇ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿತು. ಒಂದು ಭಾಷೆಯ ಮಾತನ್ನು ಇನ್ನೊಂದರ ಲಿಪಿಯಲ್ಲಿಟ್ಟು, ಕೆಳಗೆ ಅರ್ಥ ಬಿಡಿಸುತ್ತ ಹೋಗುವ ಟೀಕೆಯ ಕೆಲಸಕ್ಕೂ ಇಂದಿನ ಸಬ್‌ಟೈಟಲ್‌ಗೂ ನಂಟಿದೆ.

ತಾಳೆಗರಿಗೆ ಮುಖಪುಟವಿಲ್ಲ. ಕೃತಿಯ ಹೆಸರು, ಕೆಲವೊಮ್ಮೆ ಲಿಪಿಕಾರನ ಹೆಸರು, ಬರೆದ ಕಾಲ, ತಪ್ಪಿದ್ದರೆ ಕ್ಷಮಿಸಿ ಎಂಬ ಬಿನ್ನಹ ಎಲ್ಲವೂ ಕಟ್ಟಿನ ಕೊನೆಯ ಗರಿಯಲ್ಲಿ. ಅದಕ್ಕೇ ಹಸ್ತಪ್ರತಿಗಳ ಸೂಚಿ ಮಾಡುವವರು ‘ಆದಿ’ ಮತ್ತು ‘ಅಂತ್ಯ’ದ ಸಾಲುಗಳನ್ನು ಬರೆದಿಟ್ಟುಕೊಳ್ಳುತ್ತಾರೆ, ಗರಿಗಳನ್ನು ಎಣಿಸುತ್ತಾರೆ. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮತ್ತು ಸುತ್ತಿನ ಭಂಡಾರಗಳ ಕಟ್ಟುಗಳನ್ನು ಬಿಚ್ಚಿ ನೋಡಿ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂತು.

ಸಬ್‌ಟೈಟಲ್ ಹುಡುಕಿ ತರುವ ಸಲಕರಣೆಗಳು ಹೇಗೆ ಕೆಲಸ ಮಾಡುತ್ತವೆಂದು ಓದುವಾಗ ನನಗೆ ಈ ಸೂಚಿಯ ನೆನಪಾಯಿತು. ಕಡತದ ಹೆಸರನ್ನು ನಂಬುವಂತಿಲ್ಲವೆಂದು ಓಪನ್‌ಸಬ್‌ಟೈಟಲ್ಸ್ ಒಂದು ಗುರುತನ್ನು ಬಳಸುತ್ತದೆ. ವಿಡಿಯೊದ ಒಟ್ಟು ಗಾತ್ರ, ಮೊದಲ 64 ಕಿಲೋಬೈಟ್, ಕೊನೆಯ 64 ಕಿಲೋಬೈಟ್ ಇವನ್ನು ಕೂಡಿಸಿ ಲೆಕ್ಕ ಹಾಕಿದ ಒಂದು ಸಂಖ್ಯೆ ಅದು. ಗರಿಗಳ ಎಣಿಕೆ, ಆದಿ, ಅಂತ್ಯ! ನಡುವಿನದನ್ನು ಓದುವಷ್ಟು ವ್ಯವಧಾನ ಸೂಚಿಕಾರನಿಗೂ ಇಲ್ಲ, ಯಂತ್ರಕ್ಕೂ ಇಲ್ಲ. ಆದರೆ ಗುರುತು ಸಿಕ್ಕರೆ ಸಾಲದು, ಆ ಗುರುತಿನ ಎದುರು ಯಾರಾದರೂ ಮೊದಲೇ ಏನನ್ನಾದರೂ ಬರೆದಿಟ್ಟಿರಬೇಕು. ಲೋಕವೆಲ್ಲ ನೋಡುವ ಸಿನಿಮಾಕ್ಕೆ ಹತ್ತಾರು ಭಾಷೆಗಳ ಸಬ್‌ಟೈಟಲ್ ಕ್ಷಣದಲ್ಲಿ ಇಳಿಯುತ್ತದೆ. ಜಗಲಿಯ ಪಾಡ್ದನಕ್ಕೆ ಎಲ್ಲಿಂದ ಇಳಿಯಬೇಕು?

ಭಾಷೆಯ ಗುರುತಿನಲ್ಲೂ ಒಂದು ತೊಡಕಿದೆ. ಸಬ್‌ಟೈಟಲ್ ಕಡತದ ಹೆಸರಿಗೆ ಸಾಮಾನ್ಯವಾಗಿ ಎರಡಕ್ಷರದ ಭಾಷಾಸಂಕೇತ ಸೇರಿಸುತ್ತಾರೆ. ಕನ್ನಡಕ್ಕೆ ‘ಕೆಎನ್’ ಇದೆ. ತುಳುವಿಗೆ ಎರಡಕ್ಷರದ್ದಿಲ್ಲ, ಇರುವುದು ‘ಟಿಸಿವೈ’ ಎಂಬ ಮೂರಕ್ಷರದ್ದು. ಎರಡಕ್ಷರವನ್ನಷ್ಟೇ ಬಲ್ಲ ಸಲಕರಣೆಯ ಪಾಲಿಗೆ ತುಳು ಇಲ್ಲವೇ ಇಲ್ಲ. ಕನ್ನಡ ಲಿಪಿಗೆ 1991ರ ಮೊದಲ ಯುನಿಕೋಡಿನಲ್ಲೇ ಜಾಗ ಸಿಕ್ಕಿತ್ತು. ತುಳು-ತಿಗಳಾರಿ ಲಿಪಿ 2024ರವರೆಗೆ ಕಾಯಬೇಕಾಯಿತು. ಲಿನಕ್ಸಿನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೇಕು. ಒತ್ತಕ್ಷರವಾದರೆ ಮೂರು ಸಂಕೇತಗಳು, ಅಂದರೆ ಒಂಬತ್ತು ಬೈಟ್. ನಮ್ಮ ಹೆಸರುಗಳು ಬೇಗ ಜಾಗ ತುಂಬಿಸುತ್ತವೆ.

ಹಾಗಾಗಿ ಈಗ ನಾನು ಹೆಸರನ್ನು ಪಟ್ಟಿಗೆ ಮಾತ್ರ ಬಿಟ್ಟುಕೊಡುವುದಿಲ್ಲ. ಚಿತ್ರೀಕರಣ ಶುರುವಾಗುವಾಗ ಹಾಡುವವರ ಹೆಸರು, ಊರು, ದಿನ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ, ಮುಗಿಯುವಾಗ ಇನ್ನೊಮ್ಮೆ. ಆದಿಯಲ್ಲೂ ಇರಲಿ, ಅಂತ್ಯದಲ್ಲೂ ಇರಲಿ. ಮರುಹೆಸರಿಸುವ ಮುನ್ನ ಬೇರೆ ಕಡೆ ಪ್ರತಿ ಮಾಡುತ್ತೇನೆ.

ಉಳಿದ ಆ ಒಂಬತ್ತನೆಯ ಕಡತಕ್ಕೆ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಗಂಟೆ, ನಿಮಿಷ, ಸೆಕೆಂಡು, ಅಲ್ಪವಿರಾಮ, ಮಿಲಿಸೆಕೆಂಡು. ಅದರ ಕೆಳಗೆ ಕನ್ನಡ ಲಿಪಿಯಲ್ಲಿ ತುಳು ಸಾಲು. ಅರ್ಥವಾಗದ ಪದ ಬಂದಾಗಲೆಲ್ಲ ಉಳಿದಿರುವ ಅಜ್ಜಿಯ ಮನೆಗೆ ಹೋಗುತ್ತೇನೆ. ಮೊನ್ನೆ ವಿಡಿಯೊ ನೋಡುತ್ತ ಅವರು ಕೇಳಿದರು: “ಉಳಿದದ್ದು ಎಲ್ಲಿ ಮಗಾ?” ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೆನಪಿದ್ದಷ್ಟನ್ನು ಒಬ್ಬರೇ ಹಾಡತೊಡಗಿದರು. ಈ ಸಲ ಕಡತಕ್ಕೆ ಅವರ ಹೆಸರನ್ನೂ ಸೇರಿಸಿದ್ದೇನೆ. ಕೊನೆಯ ಸಬ್‌ಟೈಟಲಿನಲ್ಲಿ, ಲಿಪಿಕಾರರ ಹಾಗೆ, ನನ್ನ ತಪ್ಪನ್ನೂ ಬರೆದಿದ್ದೇನೆ.