ಟ್ರೆಂಡೆಲೆನ್‌ಬರ್ಗ್ ಭಂಗಿ ಮತ್ತು ಮಿದುಳಿನ ರಕ್ತಸಂಚಾರ

ರೋಗಿಯ ಸೊಂಟವನ್ನು ಎತ್ತರಿಸಿ ತಲೆಯನ್ನು ತಗ್ಗಿನಲ್ಲಿರಿಸಿ ಶಸ್ತ್ರಚಿಕಿತ್ಸೆ ನಡೆಸುವ ಕ್ರಮ ಮಧ್ಯಯುಗದ ಯುರೋಪಿನ ವೈದ್ಯರಿಗೂ ತಿಳಿದಿತ್ತಾದರೂ, ಅದಕ್ಕೆ ನೆಲೆಯಾಗಿ ನಿಂತ ಹೆಸರು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಷ್ ಟ್ರೆಂಡೆಲೆನ್‌ಬರ್ಗ್ (1844–1924) ಅವರದು. ಅವರ ಶಿಷ್ಯ ವಿಲ್ಲಿ ಮೇಯರ್ 1885ರಲ್ಲಿ ಈ ಭಂಗಿಯನ್ನು ವಿವರಿಸಿ ಬರೆದರು; ಗುರುವಿನ ಸ್ವಂತ ಲೇಖನ ಬಂದದ್ದು 1890ರಲ್ಲಿ. ಆಗ ಸಹಾಯಕನೊಬ್ಬನು ಮೇಜಿನ ತುದಿಯಲ್ಲಿ ರೋಗಿಗೆ ಬೆನ್ನು ಮಾಡಿ ನಿಂತು, ಅವನ ಮಂಡಿಗಳನ್ನು ತನ್ನ ಹೆಗಲ ಮೇಲೆ ಹೊತ್ತಿರುತ್ತಿದ್ದನು. ಕರುಳು ಎದೆಯ ಕಡೆಗೆ ಜಾರಿ ಮೂತ್ರಕೋಶದ ಸುತ್ತಲಿನ ಜಾಗ ವೈದ್ಯನ ಕಣ್ಣಿಗೆ ತೆರವಾಗಲಿ ಎಂಬುದೇ ಇದರ ಉದ್ದೇಶವಾಗಿದ್ದುದರಿಂದ, ಇಳಿಜಾರಿನ ಕೆಳತುದಿಯಲ್ಲಿದ್ದ ಮಿದುಳಿನ ಪ್ರಶ್ನೆ ಬಹುಕಾಲ ಹಿಂದೆಯೇ ಉಳಿಯಿತು.

ಆ ಪ್ರಶ್ನೆಗೆ ಬೇಕಾದ ತಿಳಿವಳಿಕೆ ಬೇರೆ ದಾರಿಯಿಂದ ಬಂದಿತು. ತಲೆಬುರುಡೆಯು ಹಿಗ್ಗದ ಪೆಟ್ಟಿಗೆಯಾದ್ದರಿಂದ ಒಳಗಿನ ರಕ್ತ ಹೆಚ್ಚಿದರೆ ಬೇರೊಂದಕ್ಕೆ ಜಾಗ ಕಡಿಮೆಯಾಗಲೇಬೇಕೆಂಬ ವಿಚಾರವು ಸ್ಕಾಟ್ಲೆಂಡಿನ ಮನ್ರೊ (1783) ಮತ್ತು ಕೆಲ್ಲಿ (1824) ಅವರಿಂದ ಬೆಳೆದು ಬಂದದ್ದು. ರಕ್ತದೊತ್ತಡ ಏರಿಳಿದರೂ ಮಿದುಳಿನ ನಾಳಗಳು ತಾವೇ ಕಿರಿದಾಗಿಯೋ ಅಗಲವಾಗಿಯೋ ಹರಿವನ್ನು ಸರಿಸುಮಾರು ಒಂದೇ ಮಟ್ಟದಲ್ಲಿ ಕಾಯುತ್ತವೆ ಎಂಬ ‘ಸ್ವಯಂನಿಯಂತ್ರಣ’ವನ್ನು ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲಿ ನಿರೂಪಿಸಿದರು.

2000ದಲ್ಲಿ ಅಮೆರಿಕದ ಅನುಮತಿ ಪಡೆದ ‘ಡಾ ವಿಂಚಿ’ ರೋಬೋಟ್ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಗೆ ಬಳಕೆಯಾದಾಗ ಹಳೆಯ ಭಂಗಿ ಹೊಸ ತೀವ್ರತೆ ಪಡೆಯಿತು. ಮೇಜನ್ನು 25ರಿಂದ 45 ಡಿಗ್ರಿಯವರೆಗೆ ಓರೆಯಾಗಿಸಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಆರಂಭದ ಯಂತ್ರಗಳಲ್ಲಿ ತೋಳುಗಳು ದೇಹಕ್ಕೆ ಜೋಡಣೆಗೊಂಡ ಮೇಲೆ ಮೇಜನ್ನು ಬೇಕೆಂದಾಗ ಅಲುಗಿಸುವಂತಿರಲಿಲ್ಲವಾದ್ದರಿಂದ ರೋಗಿ ಗಂಟೆಗಟ್ಟಲೆ ಹಾಗೆಯೇ ಇರಬೇಕಾಗುತ್ತಿತ್ತು. ಇಳಿಜಾರಿನಿಂದಾಗಿ ತಲೆಗೆ ತಲುಪುವ ರಕ್ತದ ಒತ್ತಡ ಏರುತ್ತದೆ. ಆದರೆ ತಲೆಯಿಂದ ಮರಳಬೇಕಾದ ರಕ್ತ ಅಭಿಧಮನಿಗಳಲ್ಲಿ ತಡೆದು ನಿಲ್ಲುವುದರಿಂದ ಬುರುಡೆಯೊಳಗಿನ ಒತ್ತಡವೂ ಏರುತ್ತದೆ, ಮತ್ತು ಮಿದುಳಿಗೆ ರಕ್ತವನ್ನು ನೂಕುವುದು ಈ ಎರಡರ ನಡುವಿನ ಅಂತರ ಮಾತ್ರ. ಇದರ ಮೇಲೆ, ರಕ್ತಕ್ಕೆ ಹೀರಿಕೆಯಾದ ಅನಿಲವು ಮಿದುಳಿನ ನಾಳಗಳನ್ನು ಹಿಗ್ಗಿಸುವ ಕಾರಣ, ಅರಿವಳಿಕೆ ತಜ್ಞರು ಉಸಿರಾಟದ ಯಂತ್ರವನ್ನು ಹೊಂದಿಸಿ ಅದನ್ನು ಹೊರಹಾಕುತ್ತಲೇ ಇರಬೇಕು.

40 ಡಿಗ್ರಿ ಇಳಿಜಾರಿನಲ್ಲಿಯೂ ಮಿದುಳಿನ ರಕ್ತಪೂರೈಕೆ ಸುರಕ್ಷಿತ ಮಿತಿಯೊಳಗೇ ಉಳಿಯಿತೆಂದು ಬೆಲ್ಜಿಯಂನ ವೈದ್ಯರು 2010ರಲ್ಲಿ ವರದಿ ಮಾಡಿದರು. ಈ ಭರವಸೆ ದೊಡ್ಡದು. ಆದರೆ ಅದನ್ನು ಸ್ವಯಂನಿಯಂತ್ರಣ ಕೆಟ್ಟಿರುವವರಿಗೂ, ಬುರುಡೆಯೊಳಗಿನ ಒತ್ತಡ ಮೊದಲೇ ಏರಿರುವವರಿಗೂ ಅನ್ವಯಿಸುವುದು ತಪ್ಪು. ಆರೋಗ್ಯವಂತರಲ್ಲಿಯೂ ಮೇಜು ಸಮತಟ್ಟಾಗುವ ಹೊತ್ತಿಗೆ ರೆಪ್ಪೆ, ತುಟಿಗಳು ಊದಿಕೊಂಡಿರಬಹುದು. ಗಂಟಲಿನ ಬಾವು ಉಸಿರಿಗೆ ಅಡ್ಡಿಯಾಗದೆಂದು ಖಚಿತವಾದ ಮೇಲಷ್ಟೇ ಉಸಿರಿನ ಕೊಳವೆಯನ್ನು ತೆಗೆಯುತ್ತಾರೆ.